ಚನ್ನಪಟ್ಟಣದ ಗೊಂಬೆ, ಒಂದು ಹಳೆಯ ಟ್ಯಾಬ್, ಸ್ಟಾಪ್ ಮೋಷನ್ ಸ್ಟುಡಿಯೋ: ಎರಡು ವರ್ಷ ಕ್ಲಾಸಿನಲ್ಲಿ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪ್ರೈಮರಿ ಶಾಲೆಯ ಟೀಚರ್ ಯಾರಾದರೂ "ಫೋನಿನಲ್ಲಿ ಬರೋ ಫೋಟೋ, ವಿಡಿಯೋ ಎಲ್ಲಾ ನಿಜ ಅಂತ ಮಕ್ಕಳು ನಂಬ್ತಾರೆ, ಏನು ಮಾಡೋದು" ಅಂತ ಕೇಳಿದರೆ, ಸ್ಟಾಪ್ ಮೋಷನ್ ಸ್ಟುಡಿಯೋ ಅನ್ನುವ ಆ್ಯಪ್ ಹಾಕಿಕೊಳ್ಳಿ ಅನ್ನುತ್ತೇನೆ. ಒಂದೊಂದೇ ಫೋಟೋ ಹೊಡೆದು ಜೋಡಿಸಿ, ಗೊಂಬೆ ತಾನೇ ನಡೆಯುವ ಹಾಗೆ ಕಾಣುವ ಸಿನಿಮಾ ಮಾಡುವ ಆ್ಯಪ್ ಅದು, ಕೇಟ್‌ಈಟರ್ ಅನ್ನುವ ಕಂಪನಿಯದು. ಆಂಡ್ರಾಯ್ಡ್‌ನಲ್ಲೂ ಸಿಗುತ್ತದೆ, ಐಪ್ಯಾಡ್‌ನಲ್ಲೂ ಸಿಗುತ್ತದೆ. ಸಾದಾ ಆವೃತ್ತಿಗೆ ದುಡ್ಡು ಕೊಡಬೇಕಾಗಿಲ್ಲ. ಎರಡು ವರ್ಷದಿಂದ ನಾನು ಆ ದುಡ್ಡಿಲ್ಲದ ಆವೃತ್ತಿಯನ್ನೇ ಬಳಸುತ್ತಿದ್ದೇನೆ, ಹಾಗಾಗಿ ಈ ವಿಮರ್ಶೆ ಅದರ ಬಗ್ಗೆ ಮಾತ್ರ.

ನಾನು ಕಲಿಸುವುದು ಚನ್ನಪಟ್ಟಣ ತಾಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ. ನಾಲ್ಕು ಮತ್ತು ಐದನೇ ಕ್ಲಾಸು ಒಂದೇ ಕೋಣೆಯಲ್ಲಿ, ಎರಡೂ ಸೇರಿ 23 ಮಕ್ಕಳು. ಅರ್ಧಕ್ಕರ್ಧ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಮೂರು ನಾಲ್ಕು ಮನೆಯವರು ಗೊಂಬೆ ಕೆಲಸಕ್ಕೆ ಹೋಗುತ್ತಾರೆ. ಎಲ್ಲರ ಮನೆಯಲ್ಲೂ ಒಂದಾದರೂ ಸ್ಮಾರ್ಟ್‌ಫೋನ್ ಇದೆ. ಸಂಜೆ ಅದು ಮಕ್ಕಳ ಕೈಯಲ್ಲೇ ಇರುತ್ತದೆ. ವಾಟ್ಸಾಪ್‌ನವರು 13 ವರ್ಷ ಆಗಿರಬೇಕು ಅಂತ ನಿಯಮ ಇಟ್ಟಿದ್ದಾರೆ, ಸರಿ, ಆದರೆ ಅಜ್ಜಿಗೆ ಬಂದ ಮೆಸೇಜನ್ನು ಓದಿ ಹೇಳುವುದು ಒಂಬತ್ತು ವರ್ಷದ ಮೊಮ್ಮಗಳೇ ಅಲ್ವಾ? ಮನೆಯಲ್ಲಿ ಓದು ಬರುವವಳು ಅವಳೊಬ್ಬಳೇ ಆಗಿದ್ದರೆ, ಆ ಮನೆಗೆ ಸುದ್ದಿ ತಲುಪಿಸುವವಳೂ ಅವಳೇ. ಇದನ್ನು ಹೈಸ್ಕೂಲಿಗೆ ಹೋದ ಮೇಲೆ ಕಲಿಸೋಣ ಅಂತ ಬಿಡುವ ಹಾಗಿಲ್ಲ.

ಇದಕ್ಕೆ ಮೊದಲು ನಮ್ಮಲ್ಲಿ ಬೇರೆ ಒಂದು ವ್ಯವಸ್ಥೆ ಇತ್ತು. ದಾನಿಗಳು ಕೊಡಿಸಿದ ಸ್ಮಾರ್ಟ್ ಕ್ಲಾಸ್ ಪೆಟ್ಟಿಗೆ, ಪ್ರೊಜೆಕ್ಟರ್ ಜೊತೆಗೆ. ಯಾವ ಕಂಪನಿಯದು ಅಂತ ಹೇಳಲು ಹೋಗುವುದಿಲ್ಲ. ಅದರಲ್ಲಿ ಪಾಠವೆಲ್ಲ ಬಣ್ಣದ ಕಾರ್ಟೂನು. ಮಕ್ಕಳು ಕಣ್ಣರಳಿಸಿ ನೋಡುತ್ತಿದ್ದರು, ಅದೂ ಸುಳ್ಳಲ್ಲ. ಮುಗಿದ ಮೇಲೆ "ಏನು ನೋಡಿದಿರಿ" ಅಂದರೆ "ಚೆನ್ನಾಗಿತ್ತು ಮಿಸ್" ಅನ್ನುತ್ತಿದ್ದರು. ಅಷ್ಟೇ. ಒಂದು ದಿನ ಅದರಲ್ಲಿ ಎಲೆ ಹೇಗೆ ಆಹಾರ ತಯಾರು ಮಾಡುತ್ತದೆ ಅನ್ನುವ ಪಾಠ ಬಂತು, ಎಲೆಯೊಳಗೆ ಟೋಪಿ ಹಾಕಿದ ಅಡುಗೆಭಟ್ಟ ನಿಂತು ಅಡುಗೆ ಮಾಡುತ್ತಿದ್ದ. ವಾರದ ಮೇಲೆ ಒಬ್ಬ ಹುಡುಗ ನಿಜವಾಗಿಯೂ ಒಂದು ಹಿಪ್ಪುನೇರಳೆ ಎಲೆ ಹರಿದು ಒಳಗೆ ಹುಡುಕುತ್ತಾ ಕೂತಿದ್ದ. ತಪ್ಪು ಅವನದಲ್ಲ. ಪರದೆ ಮೇಲೆ ಬಂದದ್ದು ಇದ್ದ ಹಾಗೇ ಬಂದದ್ದು ಅಂತ ಅವನು ನಂಬಿದ್ದ. ಅದನ್ನು ಯಾರೋ ಕೂತು ಬರೆದಿದ್ದಾರೆ, ಯಾವುದನ್ನು ತೋರಿಸಬೇಕು ಯಾವುದನ್ನು ಬಿಡಬೇಕು ಅಂತ ಯಾರೋ ತೀರ್ಮಾನ ಮಾಡಿದ್ದಾರೆ ಅನ್ನುವುದು ಅವನ ತಲೆಗೆ ಬರುವುದಕ್ಕೆ ಒಂದು ದಾರಿಯೇ ಇರಲಿಲ್ಲ. ಅವತ್ತಿಂದ ನನಗೆ ಒಂದು ವಿಷಯ ಗಟ್ಟಿಯಾಯಿತು. ತೋರಿಸಿ ತೋರಿಸಿ ಇದನ್ನು ಕಲಿಸಲು ಆಗುವುದಿಲ್ಲ, ಮಕ್ಕಳ ಕೈಯಲ್ಲೇ ಮಾಡಿಸಬೇಕು.

ಈಗ ಆ್ಯಪ್ ಹೇಗಿದೆ ಅಂತ ಹೇಳುತ್ತೇನೆ. ತೆರೆದು ಹೊಸ ಸಿನಿಮಾ ಅಂತ ಒತ್ತಿದರೆ ಕ್ಯಾಮೆರಾ ಬರುತ್ತದೆ. ಗೊಂಬೆ ಇಡಿ, ಫೋಟೋ ಹೊಡೆಯಿರಿ. ಗೊಂಬೆಯನ್ನು ಒಂದು ಬೆರಳಿನಷ್ಟು ಸರಿಸಿ, ಇನ್ನೊಂದು ಫೋಟೋ. ಹೀಗೆ ಹೊಡೆಯುತ್ತಾ ಹೋಗಿ ಕೊನೆಗೆ ಪ್ಲೇ ಒತ್ತಿದರೆ ಗೊಂಬೆ ನಡೆಯುತ್ತದೆ. ಒಂದು ಸೆಕೆಂಡಿಗೆ ಎಷ್ಟು ಫೋಟೋ ಓಡಬೇಕು ಅನ್ನುವುದನ್ನು ಒಂದು ಗೆರೆ ಎಳೆದು ಹೆಚ್ಚು ಕಡಿಮೆ ಮಾಡಬಹುದು. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು, ಹಿಂದಿನ ಫೋಟೋ ತೆಳ್ಳಗೆ ನೆರಳಿನ ಹಾಗೆ ಪರದೆ ಮೇಲೆ ಉಳಿಯುವುದು. ಅದಕ್ಕೆ ಆನಿಯನ್ ಸ್ಕಿನ್ ಅನ್ನುತ್ತಾರೆ, ಹಿಂದೆ ಕಾರ್ಟೂನು ಬರೆಯುವವರು ಬಳಸುತ್ತಿದ್ದ, ಕೆಳಗಿನ ಚಿತ್ರ ಕಾಣುವಂಥ ತೆಳ್ಳನೆಯ ಕಾಗದದ ಹೆಸರು ಅದು. ಗೊಂಬೆ ಮೊದಲು ಎಲ್ಲಿತ್ತು, ಈಗ ಎಷ್ಟು ಸರಿದಿದೆ ಅಂತ ಮಕ್ಕಳಿಗೆ ಯಾರೂ ಹೇಳದೆ ಕಾಣುತ್ತದೆ. ಗುಂಡಿಗಳ ಮೇಲೆ ಅಕ್ಷರ ಕಡಿಮೆ, ಚಿತ್ರ ಜಾಸ್ತಿ. ಓದಲು ಕಷ್ಟಪಡುವ ಮಕ್ಕಳೇ ನಮ್ಮಲ್ಲಿ ಎಲ್ಲರಿಗಿಂತ ಮೊದಲು ಕಲಿತರು. ಇದನ್ನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಉಳಿದ ಪಾಠಗಳಲ್ಲಿ ಆ ಮಕ್ಕಳಿಗೆ ಮೊದಲು ಬರುವ ಅವಕಾಶವೇ ಸಿಗುವುದಿಲ್ಲ.

ಮೊದಲ ವಾರ ಬರೀ ಲೆಕ್ಕದಲ್ಲೇ ಹೋಯಿತು. ಸೆಕೆಂಡಿಗೆ 10 ಫೋಟೋ ಅಂದರೆ, ಹತ್ತು ಸೆಕೆಂಡಿನ ಸಿನಿಮಾಗೆ 100 ಫೋಟೋ. ಥಿಯೇಟರಿನಲ್ಲಿ ನೋಡುವ ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ ಅಂದಾಗ ಒಬ್ಬಳು ಒಂದು ನಿಮಿಷಕ್ಕೆ ಎಷ್ಟು ಅಂತ ನೆಲದ ಮೇಲೆ ಬಳಪದಲ್ಲಿ ಗುಣಿಸಿ 1440 ಅಂತ ಬರೆದು, ಆಮೇಲೆ ಸುಮ್ಮನೆ ಕೂತುಬಿಟ್ಟಳು. ಗುಣಾಕಾರದ ಪಾಠದಲ್ಲಿ ಆ ಮಗು ಅಷ್ಟು ಮನಸ್ಸಿಟ್ಟು ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಗೊಂಬೆಗಳ ಬಗ್ಗೆ ಒಂದು ಮಾತು. ನಮ್ಮೂರಲ್ಲಿ ಗೊಂಬೆಗೇನು ಬರ? ತುಂಡು ಹೋದವು, ಬಣ್ಣ ಸರಿ ಕೂರದವು ಅಂತ ಪೋಷಕರೇ ಒಂದು ಚೀಲ ತಂದುಕೊಟ್ಟರು. ಆದರೆ ಚನ್ನಪಟ್ಟಣದ ಗೊಂಬೆ ಅಂದರೆ ಅರಗಿನ ಬಣ್ಣ. ತಿರುಗುವ ಮರದ ಮೇಲೆ ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಬರಿಸಿರುತ್ತಾರೆ. ಆ ಹೊಳಪಿನಲ್ಲಿ ಕಿಟಕಿ ಕಾಣುತ್ತದೆ, ಟ್ಯಾಬ್ ಕಾಣುತ್ತದೆ, ಫೋಟೋ ಹೊಡೆಯುವ ಹುಡುಗನ ಮುಖವೂ ಕಾಣುತ್ತದೆ. ನಮ್ಮ ಮೊದಲ ಸಿನಿಮಾದಲ್ಲಿ ರಾಜನ ಹೊಟ್ಟೆಯ ಮೇಲೆ ನಮ್ಮ ಕ್ಲಾಸೇ ಕುಣಿಯುತ್ತಿತ್ತು. ಆಮೇಲೆ ಕಿಟಕಿಗೆ ಹಳೆಯ ಬೆಡ್‌ಶೀಟ್ ಕಟ್ಟಿ, ಒಂದೇ ಬಲ್ಬು ಇಟ್ಟು, ಬಿಳಿ ಅಂಗಿಯವರೆಲ್ಲ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು ಅಂತ ನಿಯಮ ಮಾಡಿಕೊಂಡೆವು. ಕಿಟಕಿ ಬೆಳಕಿನಲ್ಲಿ ಹೊಡೆದರೆ ಇನ್ನೊಂದು ತೊಂದರೆ ಇದೆ. ಮೋಡ ಬಂದು ಹೋದಾಗಲೆಲ್ಲ ಚಿತ್ರ ಮಿಣುಕು ಮಿಣುಕು ಆಗುತ್ತದೆ. ಇದು ಆ್ಯಪಿನ ದೋಷ ಅಂತ ನಾನೂ ಮೊದಲು ಅಂದುಕೊಂಡಿದ್ದೆ, ಆದರೆ ಬೆಳಕು ಬದಲಾದ ಹಾಗೆ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಹೊಂದಿಸಿಕೊಳ್ಳುವುದರಿಂದ ಹಾಗಾಗುವುದು. ಗುಂಡು ಗೊಂಬೆಗಳು ಉರುಳುತ್ತವೆ, ಕೆಳಗೆ ಒಂಚೂರು ಜೇಡಿಮಣ್ಣು ಅಂಟಿಸಿ. ಟ್ಯಾಬ್ ನಿಲ್ಲಿಸಲು ಸ್ಟ್ಯಾಂಡ್ ಇಲ್ಲದಿದ್ದರೆ ಎರಡು ಇಟ್ಟಿಗೆ ಸಾಕು. ಟ್ಯಾಬ್ ಒಂದು ಕೂದಲೆಳೆ ಅಲುಗಿದರೂ ಇಡೀ ಊರೇ ಭೂಕಂಪವಾದ ಹಾಗೆ ಕಾಣುತ್ತದೆ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಚಲಿಸುವ ಚಿತ್ರ ಮಾಡುವುದಷ್ಟೇ ಆಗಿದ್ದರೆ ಇದು ಚೆನ್ನಾದ ಕರಕುಶಲ ಪೀರಿಯಡ್ ಅಂತ ಹೇಳಿ ಮುಗಿಸುತ್ತಿದ್ದೆ.

ಗೊಂಬೆಯ ಮುಖ ಬದಲಾಗುವುದಿಲ್ಲ ಅಲ್ವಾ? ಎರಡು ಕಣ್ಣು, ಒಂದು ಗೆರೆಯಷ್ಟು ಬಾಯಿ, ಬರೆದದ್ದು ಬರೆದ ಹಾಗೇ. ಒಂದು ದಿನ ಅಂಥ ಒಂದು ಹೆಣ್ಣು ಗೊಂಬೆಯ ಮುಖವನ್ನು ಹತ್ತಿರದಿಂದ ಹಿಡಿದು ಫೋಟೋ ಹೊಡೆಸಿದೆ. ಆಮೇಲೆ ಮೂರು ಬೇರೆ ಫೋಟೋ ಹೊಡೆಸಿದೆ: ತಟ್ಟೆಯಲ್ಲಿ ಮುದ್ದೆ ಸಾರು, ಮುರಿದು ಬಿದ್ದ ಒಂದು ಪುಟ್ಟ ಗೊಂಬೆ, ರಬ್ಬರ್ ಹಾವು. ಆ್ಯಪಿನಲ್ಲಿ ಒಂದು ಫೋಟೋವನ್ನು ನಕಲು ಮಾಡಿ ಬೇಕಾದ ಕಡೆ ಅಂಟಿಸಬಹುದು. ಹಾಗೆ ಮುಖ, ಮುದ್ದೆ, ಮುಖ ಅಂತ ಒಂದು ಸಣ್ಣ ಸಿನಿಮಾ, ಮುಖ, ಮುರಿದ ಗೊಂಬೆ, ಮುಖ ಅಂತ ಇನ್ನೊಂದು, ಹಾವಿನದು ಮೂರನೆಯದು. ಕ್ಲಾಸನ್ನು ಮೂರು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದನ್ನು ಮಾತ್ರ ತೋರಿಸಿ, ಅವಳಿಗೆ ಏನನ್ನಿಸುತ್ತಿದೆ ಅಂತ ಸ್ಲೇಟಿನಲ್ಲಿ ಬರೆಯಿರಿ ಅಂದೆ. ಮುದ್ದೆ ನೋಡಿದವರು "ಹಸಿವಾಗಿದೆ" ಅಂತ ಬರೆದರು. ಮುರಿದ ಗೊಂಬೆ ನೋಡಿದವರು "ಅಳು ಬರ್ತಿದೆ" ಅಂತ, ಒಬ್ಬ "ತಂಗಿ ಸತ್ತೋಗಿದೆ" ಅಂತಲೂ ಬರೆದಿದ್ದ. ಹಾವಿನವರು "ಭಯ". ಸ್ಲೇಟು ಎತ್ತಿ ಹಿಡಿದಾಗ ಮೂರು ಗುಂಪಿಗೂ ಜಗಳ ಶುರು, "ಇಲ್ಲ ಅವಳು ಅಳ್ತಿದ್ಲು", "ನೀನು ಸರಿಯಾಗಿ ನೋಡಿಲ್ಲ". ಆಗ ನಾನು ಆ ಗೊಂಬೆಯನ್ನೇ ತಂದು ಮೇಜಿನ ಮೇಲಿಟ್ಟೆ. ಒಂದೇ ಗೊಂಬೆ, ಒಂದೇ ಫೋಟೋ. ಅಷ್ಟೊತ್ತು ಗಲಾಟೆ ಮಾಡಿದ ಕ್ಲಾಸು ಪೂರ್ತಿ ನಿಶ್ಶಬ್ದ. ಒಬ್ಬಳು ಮುಂದೆ ಬಂದು ಗೊಂಬೆಯ ಬಾಯಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

ಇದನ್ನು ನಾನು ಕಂಡುಹಿಡಿದದ್ದಲ್ಲ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಸಿನಿಮಾ ಕಲಿಸುತ್ತಿದ್ದ ಲೆವ್ ಕುಲೆಶೋವ್ ಅನ್ನುವವರು ಒಬ್ಬ ನಟನ ಒಂದೇ ಮುಖದ ಜೊತೆಗೆ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಜೋಡಿಸಿ ತೋರಿಸಿದ್ದರು. ನೋಡಿದವರು ನಟನ ಮುಖದಲ್ಲಿ ಹಸಿವು, ದುಃಖ ಎಲ್ಲಾ ಕಂಡರಂತೆ. ನಟನದು ಮನುಷ್ಯನ ಮುಖ, ಏನೋ ಇದ್ದಿರಬಹುದು ಅನ್ನಬಹುದು. ನಮ್ಮದು ಮರದ ಮುಖ. ಹಾಗಾಗಿ ನಮ್ಮ ಮಕ್ಕಳಿಗೆ ಈ ಪಾಠ ಇನ್ನೂ ನೇರವಾಗಿ ತಾಗಿತು ಅಂತ ನನ್ನ ಅನಿಸಿಕೆ.

ಎರಡನೇ ವರ್ಷ ಮಾಡಿದ್ದು ಅಜ್ಜಿ ಮತ್ತು ಲಾರಿ. ಕಥೆ ಮಕ್ಕಳದೇ. ರಸ್ತೆಯಲ್ಲಿ ಒಂದು ಮಗು ಆಡುತ್ತಿರುತ್ತದೆ. ಆ ಕಡೆಯಿಂದ ಲಾರಿ ಬರುತ್ತದೆ. ಅಜ್ಜಿ ಓಡಿ ಬಂದು ಮಗುವನ್ನು ದರದರ ಎಳೆದು ಪಕ್ಕಕ್ಕೆ ಹಾಕುತ್ತಾಳೆ. ಲಾರಿ ಹಾದು ಹೋಗುತ್ತದೆ. ಮಗು ಅಜ್ಜಿಯ ಮಡಿಲಲ್ಲಿ. ಎಲ್ಲಾ ಸೇರಿ 96 ಫೋಟೋ, ಮೂರು ದಿನದ ಕೆಲಸ. ಮುಗಿದ ಮೇಲೆ ನಾನು, ಇದರದೇ ಇನ್ನೊಂದು ನಕಲು ಮಾಡಿ, ಅದರಲ್ಲಿ ಲಾರಿ ಇರುವ ಫೋಟೋ ಎಲ್ಲಾ ಅಳಿಸಿ, ಕೊನೆಯ ಮಡಿಲಿನ ಫೋಟೋಗಳನ್ನೂ ಅಳಿಸಿ ಅಂದೆ. ಒಬ್ಬ ಹುಡುಗ ಅಳಿಸಲು ಒಪ್ಪಲೇ ಇಲ್ಲ, ಅಷ್ಟು ಕಷ್ಟಪಟ್ಟು ಹೊಡೆದದ್ದು ಅಂತ. ನಕಲು ಮಾತ್ರ ಅಂತ ಸಮಾಧಾನ ಮಾಡಿದ ಮೇಲೆ ಒಪ್ಪಿದ. ಹೊಸದಾಗಿ ಒಂದೇ ಒಂದು ಫೋಟೋವನ್ನೂ ಸೇರಿಸಲಿಲ್ಲ. ಆ ನಕಲನ್ನು ಮೂರನೇ ಕ್ಲಾಸಿನವರನ್ನು ಕರೆದು ತೋರಿಸಿದೆವು. "ಏನಾಯ್ತು?" "ಅಜ್ಜಿ ಮಗುವನ್ನ ಎಳ್ಕೊಂಡು ಹೋದ್ಲು." "ಯಾಕೆ?" "ಕೆಟ್ಟ ಅಜ್ಜಿ." "ಮಕ್ಕಳ ಕಳ್ಳಿ."

ಮಕ್ಕಳ ಕಳ್ಳಿ ಅನ್ನುವ ಮಾತು ಆ ಪುಟ್ಟ ಮಗುವಿನ ಬಾಯಿಂದ ಬಂದಾಗ ನನಗೆ ಮೈ ಜುಂ ಅಂತು. ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. 2018ರಲ್ಲಿ ಇಂಥದೇ ಒಂದು ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು. ಅದು ನಿಜಕ್ಕೂ ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಬಗ್ಗೆ ಜಾಗ್ರತೆ ಇರಲಿ ಅಂತ ಜನರಿಗೆ ತಿಳಿಸಲು ಮಾಡಿದ ವಿಡಿಯೋ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಒಂದು ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಕಳಿಸಿಬಿಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅನ್ನುವ ಗುಮಾನಿಯ ಮೇಲೆ ಜನ ಗುಂಪು ಕಟ್ಟಿ ಹೊಡೆದು ಕೊಂದರು. ಮುರ್ಕಿಯ ಹತ್ತಿರ ಸತ್ತವರು ಹೈದರಾಬಾದಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರ್, ಅವರ ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಗುಮಾನಿಗೆ ಕಾರಣವಾಯಿತು. ಅದೇ ಜುಲೈನಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಜನ ಅಥವಾ ಗುಂಪುಗಳಿಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡದ ಹಾಗೆ ಮಿತಿ ತಂದದ್ದು. ನನಗೆ ಆ ದಿನಗಳು ಚೆನ್ನಾಗಿ ನೆನಪಿವೆ. ಕೂದಲಿಗೆ ಪಿನ್ನು, ಬಾಚಣಿಗೆ ಮಾರುವ ಹೆಂಗಸರು ಊರೊಳಗೆ ಬರುವುದನ್ನೇ ನಿಲ್ಲಿಸಿಬಿಟ್ಟಿದ್ದರು.

ಇದನ್ನೆಲ್ಲ ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ನಾನು ಹೇಳಲಿಲ್ಲ, ಹೇಳುವ ವಯಸ್ಸೂ ಅಲ್ಲ. ಮೂರನೇ ಕ್ಲಾಸಿನವರಿಗೆ ಪೂರ್ತಿ 96 ಫೋಟೋದ ಸಿನಿಮಾ ತೋರಿಸಿದೆವು ಅಷ್ಟೇ. ಲಾರಿ ಬಂದ ತಕ್ಷಣ "ಅಯ್ಯೋ!" ಅಂತ ಕೂಗಿದರು. ಆಮೇಲೆ ದೊಡ್ಡವರ ಮೇಲೆ ಸಿಟ್ಟಾದರು. "ನೀವು ಮೊದಲು ಯಾಕೆ ತೋರಿಸ್ಲಿಲ್ಲ? ಮೋಸ ಮಾಡಿದ್ರಿ." ಆ ಸಿಟ್ಟು ನನಗೆ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಮೋಸ ಮಾಡಿದ್ರಿ ಅನ್ನಿಸಿಕೊಂಡ ಐದನೇ ಕ್ಲಾಸಿನವರ ಮುಖ ನೋಡಬೇಕಿತ್ತು. ಸುಳ್ಳು ಹೇಳಲು ಸುಳ್ಳು ಫೋಟೋ ಬೇಕಾಗಿಲ್ಲ, ನಿಜವಾದ ಫೋಟೋಗಳಲ್ಲಿ ಕೆಲವನ್ನು ತೆಗೆದರೆ ಸಾಕು ಅನ್ನುವುದು ಅವರ ಬೆರಳಿಗೇ ಗೊತ್ತಾಗಿತ್ತು. ಅವತ್ತಿಂದ ನಮ್ಮ ಕ್ಲಾಸಿನಲ್ಲಿ ಒಂದು ಮಾತು ಬಂದುಬಿಟ್ಟಿದೆ. ಯಾವ ಫೋಟೋ, ವಿಡಿಯೋ ನೋಡಿದರೂ ಯಾರಾದರೊಬ್ಬರು "ಲಾರಿ ಎಲ್ಲಿ?" ಅಂತ ಕೇಳುತ್ತಾರೆ.

ಪಕ್ಕದ ಕೇರಳದಲ್ಲಿ, ಕಣ್ಣೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲೇ ಸುಳ್ಳು ಸುದ್ದಿ ಗುರುತಿಸುವ ತರಗತಿ ನಡೆಸಿದ್ದರು. ಲಸಿಕೆ ಬಗ್ಗೆ ಹರಡಿದ ಸುಳ್ಳು ಮೆಸೇಜುಗಳೇ ಅದಕ್ಕೆ ಕಾರಣ. ಅದು ದೊಡ್ಡ ಮಕ್ಕಳಿಗೆ. ನಮ್ಮ ಪುಟ್ಟವರಿಗೆ ಮೂಲ ಯಾವುದು, ಸಾಕ್ಷಿ ಯಾವುದು ಅಂತ ಪಾಠ ಮಾಡಿದರೆ ಆಕಳಿಸುತ್ತಾರೆ. ಅಜ್ಜಿ, ಲಾರಿ ಆದರೆ ಮರೆಯುವುದಿಲ್ಲ.

ಈಗ ಫೋಟೋ ಕೊಟ್ಟು ಅದೇ ಥರದ್ದನ್ನು ನೆಟ್‌ನಲ್ಲಿ ಹುಡುಕುವ ಗೂಗಲ್ ಲೆನ್ಸ್ ಬಗ್ಗೆ ಎರಡು ಮಾತು, ಯಾಕೆಂದರೆ ಇದರ ಜೊತೆಗೆ ನಾನು ಅದನ್ನೂ ಬಳಸುತ್ತೇನೆ. ಒಂದು ಸೋಮವಾರ ಒಬ್ಬಳು ಅಜ್ಜಿಯ ಫೋನನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಒಂದು ಸೇತುವೆ ಮುರಿದು ಬಿದ್ದಿರುವ ಫೋಟೋ, ನಮ್ಮ ಹತ್ತಿರದ ಸೇತುವೆ ಅಂತ ಕೆಳಗೆ ಬರೆದಿತ್ತು. "ಮಿಸ್, ಲಾರಿ ಎಲ್ಲಿ?" ನನ್ನ ಫೋನಿನಲ್ಲಿ ಲೆನ್ಸ್ ತೆರೆದು ಅದೇ ಫೋಟೋ ಹುಡುಕಿದಾಗ ಎಷ್ಟೋ ವರ್ಷದ ಹಿಂದೆ ಬೇರೆ ದೇಶದ ಸುದ್ದಿಯಲ್ಲಿ ಬಂದದ್ದು ಸಿಕ್ಕಿತು. ಅವಳ ಖುಷಿ ಹೇಳತೀರದು. ಆದರೆ ನಾನು ಲೆನ್ಸನ್ನು ಮಕ್ಕಳ ಕೈಗೆ ಕೊಡುವುದಿಲ್ಲ, ಹುಡುಕಿದಾಗ ಪಕ್ಕದಲ್ಲಿ ಏನೇನೋ ಬರಬಹುದು. ಇನ್ನೊಂದು ವಿಷಯ, ಲೆನ್ಸಿನಲ್ಲಿ ಹಳೆಯದು ಸಿಕ್ಕಿದರೆ ಅದು ಹಳೆಯದು ಅಂತ ಗೊತ್ತಾಗುತ್ತದೆ, ಏನೂ ಸಿಗಲಿಲ್ಲ ಅಂದರೆ ಅದು ನಿಜ ಅಂತ ಅರ್ಥ ಆಗುವುದಿಲ್ಲ. ಕಂಪ್ಯೂಟರೇ ಬರೆದ ಹೊಚ್ಚಹೊಸ ಚಿತ್ರಗಳು ಬರುತ್ತಿರುವ ಈ ಕಾಲದಲ್ಲಂತೂ ಇದನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕು. ಆ ಹುಡುಗಿ ಸಂಜೆ ಹೋಗಿ ಅಜ್ಜಿಗೆ ಹೇಳಿದಳಂತೆ. ಅಜ್ಜಿ, "ಆದ್ರೂ ನೀನು ಆ ಸೇತುವೆ ಮೇಲೆ ಹೋಗ್ಬೇಡ" ಅಂದರಂತೆ. ಒಂದೇ ದಿನದಲ್ಲಿ ಆಗುವ ಕೆಲಸ ಇದಲ್ಲ.

ಆ್ಯಪ್‌ಗೇ ವಾಪಸ್ ಬರುತ್ತೇನೆ. ಕೊರತೆಗಳೂ ಇವೆ. ಹಸಿರು ಬಟ್ಟೆ ಹಿಂದಿಟ್ಟು ಹೊಡೆದು ಹಿನ್ನೆಲೆ ಬದಲಿಸುವ ಸೌಲಭ್ಯ ದುಡ್ಡು ಕೊಟ್ಟವರಿಗೆ ಮಾತ್ರ. ನನ್ನ ಪ್ರಕಾರ ಚಿತ್ರ ನೋಡುವುದನ್ನು ಕಲಿಸಲು ಅದು ತುಂಬಾ ಉಪಯೋಗಕ್ಕೆ ಬರುತ್ತಿತ್ತು, ಟಿವಿಯಲ್ಲಿ ಹವಾಮಾನ ಹೇಳುವವರ ಹಿಂದಿನ ಭೂಪಟ ಎಲ್ಲಿಂದ ಬಂತು ಅಂತ ಒಂದೇ ಪೀರಿಯಡ್ಡಿನಲ್ಲಿ ತೋರಿಸಬಹುದಿತ್ತು. ದುಡ್ಡಿಲ್ಲದ ಆವೃತ್ತಿಯಲ್ಲಿ ಅಲ್ಲಲ್ಲಿ ಮುಟ್ಟಿದರೆ ಕೊಳ್ಳಿ ಅನ್ನುವ ಪುಟ ಬರುತ್ತದೆ. ಮಕ್ಕಳ ಕೈಗೆ ಕೊಡುವ ಮೊದಲು ಟ್ಯಾಬಿನಲ್ಲಿ ಖರೀದಿಗೆ ಪಾಸ್‌ವರ್ಡ್ ಹಾಕಿಡಿ, ಇಂಟರ್ನೆಟ್ ಆಫ್ ಮಾಡಿಬಿಟ್ಟರೆ ಇನ್ನೂ ಒಳ್ಳೆಯದು, ಫೋಟೋ ಹೊಡೆಯಲು ನೆಟ್ ಬೇಕಾಗಿಲ್ಲ. ಸೆಟ್ಟಿಂಗಿನ ಕೆಲವು ಮಾತುಗಳು ನಮ್ಮ ಟ್ಯಾಬಿನಲ್ಲಿ ಇಂಗ್ಲಿಷಿನಲ್ಲೇ ಕಾಣುತ್ತವೆ, ಕನ್ನಡದಲ್ಲಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅದಕ್ಕೆ ನಾವೇ ಹೆಸರು ಇಟ್ಟುಕೊಂಡಿದ್ದೇವೆ. ಆನಿಯನ್ ಸ್ಕಿನ್ನಿಗೆ ನಮ್ಮ ಮಕ್ಕಳು "ದೆವ್ವ" ಅನ್ನುತ್ತಾರೆ. "ದೆವ್ವ ಜಾಸ್ತಿ ಮಾಡು, ಕಾಣ್ತಿಲ್ಲ" ಅಂತ ಕಿರುಚುವುದನ್ನು ಕೇಳಿ ಹೊರಗಿನಿಂದ ಬಂದವರು ಗಾಬರಿಯಾದದ್ದೂ ಉಂಟು.

ಉಳಿದ ತೊಂದರೆಗಳು ಆ್ಯಪಿನದಲ್ಲ. ಒಂದೇ ಟ್ಯಾಬು, 23 ಮಕ್ಕಳು. ಐದು ಜನರ ಗುಂಪಿಗಿಂತ ದೊಡ್ಡದಾದರೆ ಇಬ್ಬರು ಕೆಲಸ ಮಾಡುತ್ತಾರೆ, ಉಳಿದವರು ಜಗಳ ಆಡುತ್ತಾರೆ. ಹಾಗಾಗಿ ಒಂದು ಗುಂಪು ಟ್ಯಾಬಿನ ಹತ್ತಿರ ಇರುವಾಗ ಉಳಿದವರಿಗೆ ಹಳೆಯ ಮದುವೆ ಕಾರ್ಡಿನ ನಡುವೆ ಚೌಕ ಕತ್ತರಿಸಿ ಕೊಡುತ್ತೇನೆ. ಅದರೊಳಗಿಂದ ಶಾಲೆಯ ಅಂಗಳ ನೋಡಿ, ಚೌಕದೊಳಗೆ ಬಂದದ್ದನ್ನು ಒಂದು ಹಾಳೆಯಲ್ಲಿ, ಹೊರಗೆ ಉಳಿದದ್ದನ್ನು ಇನ್ನೊಂದು ಹಾಳೆಯಲ್ಲಿ ಬರೆಯಬೇಕು. ಇದಕ್ಕೆ ಕರೆಂಟೂ ಬೇಡ, ಟ್ಯಾಬೂ ಬೇಡ. ಟ್ಯಾಬ್ ಇಲ್ಲದ ಶಾಲೆಯವರು ಇದರಿಂದಲೇ ಶುರು ಮಾಡಬಹುದು. ಮಕ್ಕಳ ಮುಖ ಬರುವ ಹಾಗೆ ನಾನು ಏನನ್ನೂ ಹೊಡೆಸುವುದಿಲ್ಲ, ಗೊಂಬೆ ಮತ್ತು ಕೈ ಮಾತ್ರ. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ಮಾಹಿತಿ ರಕ್ಷಣೆಯ ಕಾನೂನು ಹೇಳುತ್ತದೆ. ಕಾನೂನು ಇರದಿದ್ದರೂ ನಾನು ಹೀಗೇ ಮಾಡುತ್ತಿದ್ದೆ. ತನ್ನ ಫೋಟೋ ತೆಗೆಯುವ ಮೊದಲು ಕೇಳಬೇಕು ಅನ್ನುವುದನ್ನು ಮಗು ಇಲ್ಲಿಯೇ ಕಲಿಯಬೇಕು.

ಅಂಕ ಕೊಡಿ ಅಂದರೆ ಐದಕ್ಕೆ ನಾಲ್ಕೂವರೆ. ಆ ಅರ್ಧ ಕನ್ನಡಕ್ಕಾಗಿ ಉಳಿಸಿಕೊಂಡಿದ್ದೇನೆ. ಮೂರನೇ ಕ್ಲಾಸಿಗಿಂತ ಚಿಕ್ಕವರಿಗೆ ಕೊಟ್ಟು ನೋಡಿದೆ, ಗೊಂಬೆ ಸರಿಸುವುದನ್ನೇ ಮರೆತು ಫೋಟೋ ಹೊಡೆಯುತ್ತಾ ಹೋಗುತ್ತಾರೆ. ಅವರಿಗೆ ಇನ್ನೊಂದು ವರ್ಷ ತಡೆದು ಕೊಡಿ.

ಇದರಲ್ಲಿ ಟೈಮರ್ ಒಂದಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಇಷ್ಟು ಹೊತ್ತಿಗೊಂದು ಫೋಟೋ ಅಂತ ಹೇಳಿಟ್ಟರೆ ತಾನಾಗಿಯೇ ಹೊಡೆಯುತ್ತದೆ. ದಾದಾಸಾಹೇಬ್ ಫಾಲ್ಕೆ 1913ರಲ್ಲಿ ತಮ್ಮ ಮೊದಲ ಕಥಾಚಿತ್ರ ತೆರೆಗೆ ತರುವ ಮೊದಲು, ಒಂದು ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ದಿನವೂ ಸ್ವಲ್ಪ ಸ್ವಲ್ಪ ಚಿತ್ರ ಹಿಡಿದು ತೋರಿಸಿದ್ದರು ಅಂತ ಮಕ್ಕಳಿಗೆ ಹೇಳಿದ್ದೆ. ನಾವೂ ಕಾಳು ನೆಡೋಣ ಅಂದುಕೊಂಡಿದ್ದೆ. ಒಬ್ಬ ಹುಡುಗ, "ನಮ್ಮನೇಲಿ ಹುಳು ನಾಲ್ಕನೇ ಜ್ವರ ಎದ್ದಾಯ್ತು ಮಿಸ್, ಇನ್ನೊಂದು ವಾರಕ್ಕೆ ಹಣ್ಣಾಗ್ತವೆ, ಗೂಡು ಕಟ್ಟೋದನ್ನೇ ಹೊಡೆಯೋಣ" ಅಂದ. ಜ್ವರ ಅಂದರೆ ರೇಷ್ಮೆ ಹುಳು ಮೇಯುವುದು ಬಿಟ್ಟು ಪೊರೆ ಕಳಚುವ ಹೊತ್ತು, ಹಣ್ಣಾಗುವುದು ಅಂದರೆ ಗೂಡು ಕಟ್ಟಲು ತಯಾರಾಗುವುದು. ಅವನ ಅಮ್ಮ ಮೊದಲು ಒಪ್ಪಲಿಲ್ಲ. ಹುಳು ಮನೆಗೆ ಹೊರಗಿನವರು ಬರುವುದು ಒಳ್ಳೆಯದಲ್ಲ, ಅವರ ಬೆಳೆ ಅದು. ಕೊನೆಗೆ ಟ್ಯಾಬನ್ನು ಒರೆಸಿ ಅವರ ಕೈಗೇ ಕೊಟ್ಟೆವು, ಹುಳು ಗೂಡು ಕಟ್ಟಲು ಬಿಡುವ ಚಂದ್ರಿಕೆಯ ಒಂದು ಮೂಲೆಯ ಎದುರು ಅವರೇ ಇಟ್ಟರು, ಮಂದ ಬೆಳಕಿನ ಒಂದು ಬಲ್ಬು ಹಚ್ಚಿ, ಚಾರ್ಜಿಗೆ ಸಿಕ್ಕಿಸಿ. ಹತ್ತು ನಿಮಿಷಕ್ಕೆ ಒಂದು ಫೋಟೋ, ಎರಡು ಹಗಲು ಎರಡು ರಾತ್ರಿ, ಲೆಕ್ಕ ಹಾಕಿದರೆ 288. ಸೆಕೆಂಡಿಗೆ 12ರಂತೆ ಓಡಿಸಿದರೆ 24 ಸೆಕೆಂಡು.

ಟ್ಯಾಬ್ ವಾಪಸ್ ಬಂದಾಗ ಕ್ಲಾಸೆಲ್ಲ ಮೈಮೇಲೆ ಬಿದ್ದು ನೋಡಿತು. ಹುಳು ತಲೆ ಆಡಿಸುತ್ತಾ ಆಡಿಸುತ್ತಾ ನೂಲು ಸುತ್ತಿ, ನಮ್ಮ ಕಣ್ಣೆದುರೇ ಮಸುಕಾಗುತ್ತಾ ಹೋಗಿ, ಗೂಡಿನೊಳಗೆ ಮಾಯವಾಯಿತು. ದಿನಾ ಹುಳು ನೋಡುವ ಮಕ್ಕಳೂ ಇದನ್ನು ಹೀಗೆ ನೋಡಿರಲಿಲ್ಲ. ಹುಳು ಸಾಕದ ಮನೆಯ ಒಬ್ಬಳು, "ಅಷ್ಟು ಬೇಗ ಬೇಗ ಕಟ್ಟುತ್ತಾ?" ಅಂದಳು. ಆ ಹುಡುಗ, "ಇಲ್ಲ ಕಣೇ, ಅದು ನಿಧಾನ, ನಾವು ಬೇಗ ಮಾಡಿದ್ದು" ಅಂದ.

ಆದರೆ ಮಧ್ಯದಲ್ಲಿ ಒಂದು ಕಡೆ ಪರದೆ ಪೂರ್ತಿ ಕಪ್ಪಾಗುತ್ತದೆ, ಒಂದು ಸೆಕೆಂಡಿಗಿಂತ ಚೂರು ಜಾಸ್ತಿ ಹೊತ್ತು. ಎಣಿಸಿದರೆ 13 ಫೋಟೋ. ಎರಡನೇ ರಾತ್ರಿ ಕರೆಂಟು ಹೋಗಿತ್ತು, ಎರಡು ಗಂಟೆಗೂ ಮೇಲೆ. ಅಳಿಸಿಬಿಡೋಣ, ಚೆನ್ನಾಗಿ ಕಾಣಲ್ಲ ಅಂತ ಅರ್ಧ ಕ್ಲಾಸು. ಅಳಿಸಿದರೆ ಕರೆಂಟೇ ಹೋಗಿಲ್ಲ ಅಂದ ಹಾಗಾಗುತ್ತೆ ಅಂತ ಇನ್ನರ್ಧ. "ಲಾರಿ ಎಲ್ಲಿ?" ಅಂತ ಹಿಂದಿನಿಂದ ಯಾರೋ ಕೂಗಿದರು. ನಾನು ಬಾಯಿ ಹಾಕಲಿಲ್ಲ. ಊಟದ ಬೆಲ್ ಹೊಡೆಯುವವರೆಗೂ ವಾದ ನಡೆಯಿತು. ಮಧ್ಯಾಹ್ನ ಬಂದು ನೋಡಿದರೆ ಕಪ್ಪು ಫೋಟೋಗಳನ್ನೆಲ್ಲ ತೆಗೆದು, ಅದೇ ಜಾಗದಲ್ಲಿ ಒಂದು ಬಿಳಿ ಚೀಟಿಯ ಫೋಟೋ ಹಾಕಿ, ಓದಲು ಸಮಯ ಸಿಗಲಿ ಅಂತ ಅದನ್ನು 24 ಸಲ ಅಂಟಿಸಿದ್ದರು. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಇಲ್ಲಿ ಕರೆಂಟ್ ಇರಲಿಲ್ಲ. ಹುಳ ಕೆಲಸ ಮಾಡುತ್ತಿತ್ತು. ನಮಗೆ ಕಾಣಲಿಲ್ಲ."